ಹನ್ನೊಂದನೇ ನಂಬರ್ ಹೋಗ್ತಾನಂತೆ

ಆ ವರ್ಷ ಸ್ಟೋನಿಫೋರ್ಡ್ ಫುಟ್‌ಬಾಲ್ ತಂಡ ಹದಿನೆಂಟು ತಂಡಗಳಲ್ಲಿ ಹದಿನೇಳನೆಯದಾಗಿ ಬಂತು. ಸದ್ಯ, ಕೊನೆಯದಾಗಲಿಲ್ಲವಲ್ಲ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ನೆವಿಲ್ ಪ್ರೌಸ್‌ಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. "ಅದಕ್ಕೂ ಇವರಿಗೆ ಯೋಗ್ಯತೆ ಇರ್ಲಿಲ್ಲ ಕಣ್ರೀ. ಆ ಹದಿನೆಂಟನೆಯವರು ಪಾಪ ಕಷ್ಟಪಟ್ಟು ಸೋತ್ರು. ನಮ್ಮವರು ಸೋಲೋದ್ರಲ್ಲೂ ಸೋಮಾರಿಗಳು," ಎನ್ನುತ್ತಿದ್ದ.

ಮೆಲ್ಬರ್ನ್ ನಗರದ ಪಶ್ಚಿಮದ ಅಂಚಿನಲ್ಲಿರುವ ಸ್ಟೋನಿಫೋರ್ಡಿನಲ್ಲಿ ಸಿಟ್ಟು ಬರುವುದೇನೂ ವಿಶೇಷವಲ್ಲ. ಅಲ್ಲಿಯವರ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲೂ ಹಿಡಿಯುವ, ಒಂದೇ ಪಂದ್ಯದಲ್ಲಿ ಹತ್ತಾರು ಗೋಲು ಬೀಳುವ ಆಸ್ಟ್ರೇಲಿಯದ ಆಟ. ತಂಡದ ಲಾಂಛನ ಹೆಜ್ಜಾರ್ಲೆ. ಹೆಜ್ಜಾರ್ಲೆಯ ಚಿತ್ರವಿಲ್ಲದ ಅಂಗಡಿ ಅಲ್ಲಿಲ್ಲ, ಕಾರಿಲ್ಲ, ಕಸದ ಡಬ್ಬಿಯೂ ಇಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಕಪ್ ಗೆಲ್ಲದ ಆ ಹಕ್ಕಿಯನ್ನು ಎಲ್ಲರೂ ಮನೆಯ ಅಳಿಯನಂತೆ ಬೈಯುತ್ತಲೇ ಸಾಕಿಕೊಂಡಿದ್ದರು. ಆದರೆ ನೆವಿಲ್‌ನ ಸಿಟ್ಟಿಗೆ ಒಂದು ಶಿಸ್ತಿತ್ತು. ಐವತ್ತೇಳು ವರ್ಷದ ಈ ಬಾಯ್ಲರ್ ರಿಪೇರಿಯವನು ಬೆಳಗ್ಗೆ ಆರೂವರೆಗೆ ಟೋಸ್ಟ್ ಕಚ್ಚುವಾಗ ಶುರು ಮಾಡಿದರೆ, ಸಂಜೆ ಶೂ ಬಿಚ್ಚುವವರೆಗೆ ತಂಡದ ನಲವತ್ತನಾಲ್ಕು ಆಟಗಾರರನ್ನೂ ಒಬ್ಬೊಬ್ಬರಾಗಿ ಬೈದು ಮುಗಿಸುತ್ತಿದ್ದ. ಹನ್ನೊಂದನೇ ನಂಬರಿನವನನ್ನು ಮಾತ್ರ ಬಿಡುತ್ತಿದ್ದ.

ಹನ್ನೊಂದನೇ ನಂಬರ್ ಎಂದರೆ ತಂಡದ ನಾಯಕ ಕೇಲಬ್ ಡ್ರಮಂಡ್. ಊರಿಗೆಲ್ಲ ಅವನು ಡ್ರಮ್ಮಿ. ಹತ್ತು ವರ್ಷಗಳಿಂದ ಇದೇ ತಂಡದಲ್ಲಿದ್ದ. ಒಮ್ಮೆ ದವಡೆ ಮುರಿದಾಗ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮತ್ತೆ ಮೈದಾನಕ್ಕಿಳಿದಿದ್ದ. ಅವನ ಹೆಸರೆತ್ತಿದರೆ ನೆವಿಲ್‌ನ ದನಿ ಇಗರ್ಜಿಯಲ್ಲಿ ಮಾತಾಡುವಷ್ಟು ಮೆತ್ತಗಾಗುತ್ತಿತ್ತು.

ಆಟದ ಋತು ಮುಗಿದ ಮೇಲೆ ಅಕ್ಟೋಬರಿನಲ್ಲಿ ಹತ್ತು ದಿನ ಆಟಗಾರರ ಅದಲುಬದಲಿ ನಡೆಯುತ್ತದೆ. ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತರಬಹುದು. ಅಥವಾ ನವೆಂಬರಿನಲ್ಲಿ ಶಾಲೆ ಮುಗಿಸಿದ ಹೊಸ ಹುಡುಗರನ್ನು ಎಲ್ಲ ತಂಡಗಳೂ ಸರದಿಯ ಮೇಲೆ ಆರಿಸುವಾಗ, ಬೇರೆ ತಂಡದವರ ಸರದಿಯೊಂದನ್ನು ಬದಲಿಗೆ ಕೇಳಬಹುದು. ಎರಡನೇ ಸರದಿಗೆ ಚಿನ್ನದಂಥ ಹುಡುಗ ಸಿಗುತ್ತಾನೆ. ಅರವತ್ತನೇ ಸರದಿಗೆ ಅಜ್ಜಿಯ ಮುದ್ದಿನ ಮೊಮ್ಮಗ ಸಿಗುತ್ತಾನೆ. ಸ್ಟೋನಿಫೋರ್ಡಿನ ಗಂಡಸರೂ ಹೆಂಗಸರೂ ವರ್ಷವಿಡೀ ಕೂಡಿಟ್ಟ ಬುದ್ಧಿಯನ್ನೆಲ್ಲ ಖರ್ಚು ಮಾಡುವುದು ಈ ಹತ್ತು ದಿನಗಳಲ್ಲಿ.

ಅದಲುಬದಲಿ ಶುರುವಾಗಲು ಇನ್ನೂ ಆರು ದಿನ ಇರುವಾಗ, ಒಂದು ಮಂಗಳವಾರ, ಫುಟ್‌ಬಾಲ್ ಕ್ಲಬ್ಬಿನ ಸ್ನಾನದ ಮನೆಯ ಬಾಯ್ಲರ್ ಕೆಟ್ಟಿತು. ಕಂಪನಿಯವರು ನೆವಿಲ್‌ನನ್ನು ಕಳಿಸಿದರು.

ಬಾಯ್ಲರ್ ಇದ್ದದ್ದು ಆಟಗಾರರ ಊಟದ ಕೋಣೆಯ ಹಿಂದೆ. ಸ್ಪ್ಯಾನರ್ ಹಿಡಿದು ಆ ಕೋಣೆ ದಾಟುವಾಗ ಗೋಡೆಯ ಮೇಲಿನ ಬಿಳಿ ಬೋರ್ಡು ಕಣ್ಣಿಗೆ ಬಿತ್ತು. ತಲೆಬರಹದ ಮೇಲೆ ಯಾರೋ ಒದ್ದೆ ಟವೆಲ್ ನೇತುಹಾಕಿದ್ದರು. ಅದರ ಕೆಳಗೆ ಮೂರು ಸಾಲು: ಹೋಗುವವರು, ಉಳಿಯುವವರು, ಇನ್ನೂ ಹೇಳದವರು. ಹೆಸರಿಲ್ಲ, ಬರೀ ನಂಬರ್. ಹೋಗುವವರ ಸಾಲಿನಲ್ಲಿ ಮೊಟ್ಟಮೊದಲಿಗೆ ಕೆಂಪು ಶಾಯಿಯಲ್ಲಿ 11. ಅದರ ಪಕ್ಕದಲ್ಲೊಂದು ಪುಟ್ಟ ವಿಮಾನದ ಚಿತ್ರ. "11, 23 ಒಟ್ಟಿಗೆ" ಎಂದು ಒಂದು ಟಿಪ್ಪಣಿ. "19: ಹೆಂಡತಿ ಒಪ್ಪುತ್ತಿಲ್ಲ" ಎಂದು ಇನ್ನೊಂದು. "30: ಯಾರಿಗೂ ಬೇಡವಂತೆ" ಎಂದು ಮತ್ತೊಂದು.

ನೆವಿಲ್ ಅಲ್ಲೇ ನಿಂತು ಮೂರು ಸಲ ಓದಿದ. ಆಮೇಲೆ ಹೋಗಿ ಬಾಯ್ಲರಿನ ಮೇಲೆ ಎಂಥ ಸಿಟ್ಟು ತೀರಿಸಿಕೊಂಡನೆಂದರೆ ಅದು ಮುಂದಿನ ಹನ್ನೆರಡು ವರ್ಷ ಕೆಡಲಿಲ್ಲ.

ಮನೆಗೆ ಬಂದವನೇ ಹೆಂಡತಿ ಗ್ಲೆನಿಸ್‌ಗೆ ಹೇಳಿದ. ಆಕೆ ದಂತವೈದ್ಯರೊಬ್ಬರ ಬಳಿ ರಿಸೆಪ್ಷನ್ನಿನಲ್ಲಿ ಕೂರುವ ಕೆಲಸದವಳು. ನೋವಿನಲ್ಲಿ ಕಿರುಚುವವರನ್ನು ಸುಮ್ಮನಾಗಿಸುವುದು ರೂಢಿಯಾಗಿತ್ತು.

"ನೀನು ಹೋಗಿದ್ದು ಬಾಯ್ಲರ್ ನೋಡೋಕೆ. ಬೋರ್ಡ್ ನೋಡೋಕಲ್ಲ," ಎಂದಳು. "ಬಾಯಿ ಮುಚ್ಕೊಂಡಿರು. ಕೆಲಸ ಹೋಗತ್ತೆ."

"ಡ್ರಮ್ಮಿನ ಕಳಿಸ್ತಿದಾರೆ ಗ್ಲೆನಿಸ್! ಡ್ರಮ್ಮಿನ!"

"ಹೋಗ್ಲಿ ಬಿಡು. ಪಾಪ ಹತ್ತು ವರ್ಷ ಆಯ್ತಲ್ಲ, ಸಾಕಾಗಿರತ್ತೆ."

ಮದುವೆಯಾಗಿ ಮೂವತ್ತು ವರ್ಷಕ್ಕೆ ಅವತ್ತು ಮೊದಲ ಸಲ ನೆವಿಲ್ ಊಟ ಬಿಟ್ಟ. ಆದರೂ ಬಾಯಿ ಮುಚ್ಚಿಕೊಂಡಿದ್ದ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಬುಧವಾರ ಮುಚ್ಚಿಕೊಂಡಿದ್ದ. ಗುರುವಾರ ಮುಚ್ಚಿಕೊಂಡಿದ್ದ. ಶುಕ್ರವಾರ ಮುಚ್ಚಿಕೊಂಡು ದವಡೆ ನೋಯಿಸಿಕೊಂಡ. ಶನಿವಾರ ಮಧ್ಯಾಹ್ನ ಬೌಲ್ಸ್ ಕ್ಲಬ್ಬಿಗೆ ಹೋದ.

ಆ ಬೌಲ್ಸ್ ಕ್ಲಬ್ಬಿನ ಹುಲ್ಲಿನ ಮೇಲೆ ಚೆಂಡು ಉರುಳಿಸುವವರು ನಾಲ್ಕು ಜನ. ಒಳಗೆ ಬಿಯರ್ ಹಿಡಿದು ಫುಟ್‌ಬಾಲ್ ತಂಡ ಕಟ್ಟುವವರು ನಲವತ್ತು ಜನ. ಕಿಟಕಿ ಪಕ್ಕದ ಮೇಜು ನೆವಿಲ್‌ನದು. ಅವನ ಜೊತೆ ಇಬ್ಬರು. ಒಬ್ಬ ಕಾನ್ ಮಾವ್ರಿಡಿಸ್, ಮೀನು ಚಿಪ್ಸ್ ಅಂಗಡಿಯವನು, ಎಣ್ಣೆಯ ಸದ್ದಿನ ಮೇಲೆ ಕೂಗಿ ಕೂಗಿ ಮೆತ್ತಗೆ ಮಾತಾಡುವುದನ್ನೇ ಮರೆತವನು. ಇನ್ನೊಬ್ಬರು ಬೆರಿಲ್ ಕ್ವಿಲ್ಟಿ, ಎಪ್ಪತ್ತಾರು ವರ್ಷದ ನಿವೃತ್ತ ಹೆಡ್‌ಮಿಸ್ಟ್ರೆಸ್. ನಾಲ್ಕನೇ ಕ್ಲಾಸಿನಲ್ಲಿ ನೆವಿಲ್‌ಗೂ ಕಾನ್‌ಗೂ ಪಾಠ ಮಾಡಿದವರು. ಹೀಗಾಗಿ ಇಬ್ಬರಿಗೂ ಅವರು ಇವತ್ತಿಗೂ ಕ್ವಿಲ್ಟಿ ಮಿಸ್. ಚಳಿಗಾಲ ಬೇಸಿಗೆ ಎನ್ನದೆ ಹನ್ನೊಂದನೇ ನಂಬರಿನ ಉಣ್ಣೆಯ ಶಾಲು ಅವರ ಕೊರಳಲ್ಲಿ ಇರುತ್ತಿತ್ತು.

"ಇಪ್ಪತ್ತೆಂಟು ದಾಟಿದವರನ್ನೆಲ್ಲ ಕೊಟ್ಟುಬಿಡಬೇಕು," ಎಂದು ಕ್ವಿಲ್ಟಿ ಮಿಸ್ ಚಿಕನ್ ಪಾರ್ಮಾವನ್ನು ಕತ್ತರಿಸುತ್ತ ಘೋಷಿಸಿದರು. "ದಯೆ ದಾಕ್ಷಿಣ್ಯ ಬೇಡ. ಹೊಸ ಹುಡುಗರು ಬರಲಿ. ಐದು ವರ್ಷ ಸೋಲೋಣ, ಆಮೇಲೆ ಗೆಲ್ಲೋಣ."

"ಐದು ವರ್ಷದಲ್ಲಿ ನಿಮಗೆ ಎಂಬತ್ತೊಂದು ಮಿಸ್!" ಎಂದು ಕಾನ್ ಕೂಗಿದ.

"ನನ್ನ ವಯಸ್ಸು ಪಟ್ಟಿಯಲ್ಲಿಲ್ಲ ಕಾನ್‌ಸ್ಟಂಟೈನ್. ಬಾಯಲ್ಲಿ ಚಿಪ್ಸ್ ಇಟ್ಕೊಂಡು ಮಾತಾಡಬೇಡ."

"ವಯಸ್ಸಾದವರು ಇರ್ಬೇಕು ಮಿಸ್," ಎಂದ ನೆವಿಲ್. "ಹುಡುಗರಿಗೆ ದಾರಿ ತೋರ್ಸೋಕೆ ಒಬ್ಬ ಬೇಕಲ್ವಾ?"

"ನಿನಗೇನು ಗೊತ್ತು ನೆವಿಲ್? ನಾಲ್ಕನೇ ಕ್ಲಾಸಲ್ಲಿ ಪ್ರಾಣಿಗಳ ಪಟ್ಟಿ ಬರಿ ಅಂದ್ರೆ ಆಲೂಗಡ್ಡೆ ಅಂತ ಬರೆದವನು ನೀನು. ತಂಡದ ಪಟ್ಟಿ ವಿಷಯ ನನಗೆ ಹೇಳ್ತೀಯಾ?"

ಪಕ್ಕದ ಎರಡು ಮೇಜುಗಳವರು ನಕ್ಕರು. ನೆವಿಲ್ ಕೈಯಲ್ಲಿದ್ದ ಬಿಯರ್ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದ.

"ಗೊತ್ತು! ನಿಮ್ಮೆಲ್ಲರಿಗಿಂತ ನಂಗೆ ಚೆನ್ನಾಗಿ ಗೊತ್ತು! ಒಳಗಿನ ಸುದ್ದಿ ಇದೆ ನನ್ನ ಹತ್ರ. ಕ್ಲಬ್ಬಿನ ಒಳಗೆ ಹೋಗಿ ಕಣ್ಣಾರೆ ನೋಡಿದೀನಿ. ಹನ್ನೊಂದನೇ ನಂಬರ್ ಹೋಗ್ತಾನೆ!"

ಕ್ವಿಲ್ಟಿ ಮಿಸ್ ಅವರ ಫೋರ್ಕಿನಿಂದ ಕೋಳಿ ಬಿತ್ತು.

"ಎಲ್ಲಿಗೆ?" ಎಂದ ಕಾನ್. ಜೀವಮಾನದಲ್ಲಿ ಮೊದಲ ಸಲ ಅವನು ಪಿಸುಗುಟ್ಟಿದ್ದು.

ಎಲ್ಲಿಗೆ ಎಂದು ನೆವಿಲ್‌ಗೆ ಗೊತ್ತಿರಲಿಲ್ಲ. "ದೂರ," ಎಂದ. "ವಿಮಾನದಲ್ಲಿ ಹೋಗ್ಬೇಕು."

"ಪರ್ತ್!" ಎಂದು ಮೂರು ಮೇಜುಗಳಿಂದ ಒಟ್ಟಿಗೆ ಕೂಗು ಬಂತು. ಡ್ರಮ್ಮಿ ಹುಟ್ಟಿದ್ದು ದೇಶದ ಪಶ್ಚಿಮ ತುದಿಯ ಆ ಕಡೆಯಲ್ಲೇ. ಎಲ್ಲ ಸರಿಹೋಯಿತು. "ಇಪ್ಪತ್ಮೂರನೆಯವನೂ ಜೊತೆಗೆ ಹೋಗ್ತಾನೆ," ಎಂದ ನೆವಿಲ್. "ಹತ್ತೊಂಬತ್ತನೆಯವನ ಹೆಂಡ್ತಿ ಒಪ್ತಾ ಇಲ್ಲ. ಮೂವತ್ತನೆಯವನನ್ನ ಯಾರೂ ಕೇಳೋರಿಲ್ಲ." ಒಂದೊಂದು ಮಾತಿಗೂ ಜನ ತಲೆದೂಗಿದರು. ಹತ್ತೊಂಬತ್ತನೆಯವನ ಹೆಂಡತಿಗೆ ಮೆಲ್ಬರ್ನಿನಲ್ಲಿ ಹೂವಿನ ಅಂಗಡಿ ಇತ್ತು. ಮೂವತ್ತನೆಯವನ ಆಟ ನೋಡಿದವರಿಗೆ ಅವನನ್ನು ಯಾರೂ ಕೇಳದಿರುವುದರಲ್ಲಿ ಆಶ್ಚರ್ಯವೇ ಇರಲಿಲ್ಲ.

"ಆದ್ರೆ ಮಿಸ್," ಎಂದ ಕಾನ್, "ಡ್ರಮ್ಮಿಗೆ ಇಪ್ಪತ್ತೊಂಬತ್ತು. ನೀವೇ ಈಗ ತಾನೇ ಹೇಳಿದ್ರಲ್ಲ, ಇಪ್ಪತ್ತೆಂಟು ದಾಟಿದವರನ್ನೆಲ್ಲ..."

"ಮುದುಕರನ್ನ ಕೊಡಿ ಅಂದೆ! ಡ್ರಮ್ಮಿನ ಕೊಡಿ ಅಂದ್ನಾ?" ಕ್ವಿಲ್ಟಿ ಮಿಸ್ ಎದ್ದು ನಿಂತರು. ಐವತ್ತು ವರ್ಷದ ಹಿಂದೆ ಮುನ್ನೂರು ಮಕ್ಕಳನ್ನು ಅಸೆಂಬ್ಲಿಯಲ್ಲಿ ನಿಲ್ಲಿಸಿದ ದನಿ ಹೊರಬಂತು. "ಇದು ದ್ರೋಹ!"

ನಲವತ್ತು ಜನ ಎದ್ದರು. ಹೊರಗೆ ಚೆಂಡು ಉರುಳಿಸುತ್ತಿದ್ದ ನಾಲ್ವರೂ ಒಳಗೆ ಬಂದರು.

ಭಾನುವಾರ ಪ್ರಾರ್ಥನೆ ಮುಗಿಯುವುದರೊಳಗೆ ಸುದ್ದಿ ಊರು ಸುತ್ತಿ ವಾಪಸ್ ನೆವಿಲ್‌ನ ಕಿವಿಗೇ ಬಂತು. ಅಷ್ಟರಲ್ಲಿ ಅದು ಬೆಳೆದು ದೊಡ್ಡದಾಗಿತ್ತು. ಡ್ರಮ್ಮಿ ಪರ್ತ್‌ನಲ್ಲಿ ಮನೆ ಕೊಂಡಾಗಿದೆ ಎಂದು ಮಾಂಸದಂಗಡಿಯವನು ನೆವಿಲ್‌ಗೇ ಹೇಳಿದ. ಮನೆಗೆ ಈಜುಕೊಳ ಬೇರೆ ಇತ್ತು.

ಸೋಮವಾರ ಕಾನ್ ಅಂಗಡಿಯ ಮುಂದೆ ಒಂದು ಬೋರ್ಡು ತೂಗಿತು: "ಕ್ಲಬ್ಬಿನ ಆಡಳಿತದವರಿಗೆ ಇಲ್ಲಿ ಮೀನು ಇಲ್ಲ. ಚಿಪ್ಸ್ ಕೂಡ ಇಲ್ಲ." ಅದೇ ಬೆಳಗ್ಗೆ ಕ್ವಿಲ್ಟಿ ಮಿಸ್ ರೇಡಿಯೋದ ಆಟೋಟದ ಕಾರ್ಯಕ್ರಮಕ್ಕೆ ಫೋನ್ ಮಾಡಿದರು.

"ಮೇಡಂ, ನಿಮಗೆ ಈ ಸುದ್ದಿ ಕೊಟ್ಟವರು ಯಾರು?" ಎಂದು ನಿರೂಪಕ ಕೇಳಿದ.

"ಹೆಸರು ಹೇಳೋ ಹಾಗಿಲ್ಲ. ಕ್ಲಬ್ಬಿನ ಒಳಗೆ ಬಹಳ ಬಿಸಿಯಾದ ಜಾಗದಲ್ಲಿ ಕೆಲಸ ಮಾಡಿರುವ ವ್ಯಕ್ತಿ."

"ಅಂದರೆ ಅಧಿಕಾರದ ತೀರಾ ಹತ್ತಿರ ಇರೋರು?"

"ಕೊಳವೆ ಕೊಳವೆಯೂ ಗೊತ್ತು ಅವರಿಗೆ," ಎಂದರು ಕ್ವಿಲ್ಟಿ ಮಿಸ್.

ದಂತವೈದ್ಯರ ರಿಸೆಪ್ಷನ್ನಿನಲ್ಲಿ ರೇಡಿಯೋ ಕೇಳುತ್ತಿದ್ದ ಗ್ಲೆನಿಸ್ ತಲೆಯ ಮೇಲೆ ಕೈ ಇಟ್ಟುಕೊಂಡಳು. ಹಲ್ಲು ಕೀಳಿಸಲು ಬಂದವನೊಬ್ಬ, "ನಿಮಗೂ ನೋವಾ?" ಎಂದು ಕೇಳಿದ.

ಮಂಗಳವಾರ ನೆವಿಲ್ ತನ್ನ ವ್ಯಾನನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದ. ನಗರಸಭೆಯವನು ದಂಡದ ಚೀಟಿ ಬರೆಯುತ್ತ ನಿಂತಿದ್ದ. ಹೆಸರು ಕೇಳಿದವನೇ ಪೆನ್ನು ನಿಲ್ಲಿಸಿದ.

"ಪ್ರೌಸ್? ನೆವಿಲ್ ಪ್ರೌಸ್? ಆ ಸುದ್ದಿಯವರು ನೀವೇನಾ?" ಅತ್ತಿತ್ತ ನೋಡಿ ಹತ್ತಿರ ಬಂದ. ಟೋಪಿಯ ಒಳಗಡೆ ಹೆಜ್ಜಾರ್ಲೆಯ ಸ್ಟಿಕರ್ ಅಂಟಿಸಿಕೊಂಡಿದ್ದ. "ಡ್ರಮ್ಮಿ ಬದಲಿಗೆ ಯಾರನ್ನ ತರ್ತಿದಾರೆ ಹೇಳಿ. ನನಗೆ ನಿದ್ದೆ ಇಲ್ಲ."

ನೆವಿಲ್ ಅವನ ಮುಖ ನೋಡಿದ. ಅವನ ಕೈಯ ಚೀಟಿ ನೋಡಿದ. "ಅಡಿಲೇಡ್ ಕಡೆಯಿಂದ ಒಬ್ಬ ಎತ್ತರದ ಡಿಫೆಂಡರ್," ಎಂದ.

"ಎಷ್ಟು ಎತ್ತರ?"

"ತುಂಬಾ."

ಅವನು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಸಂಜೆಯೊಳಗೆ ಆ ಡಿಫೆಂಡರ್ ಏಳಡಿಗೆ ಬೆಳೆದಿದ್ದ, ಅವನ ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಕ್ಲಬ್ಬಿನವರು ಅದನ್ನು ಮುಚ್ಚಿಟ್ಟಿದ್ದರು. ಈ ಕೊನೆಯ ಸುದ್ದಿ ಕೇಳಿ ನೆವಿಲ್‌ಗೇ ವಿಪರೀತ ಕೋಪ ಬಂತು. "ಮಂಡಿ ಹೋದವನ್ನ ತರ್ತಾರಾ? ಕಣ್ಣಿಲ್ವಾ ಇವರಿಗೆ?" ಎಂದು ಅಡುಗೆಮನೆಯಲ್ಲಿ ಕೂಗಾಡಿದ.

"ನೆವ್," ಎಂದಳು ಗ್ಲೆನಿಸ್, "ಅವನನ್ನ ಹುಟ್ಟಿಸಿದ್ದು ನೀನು."

ಬುಧವಾರ ಸಂಜೆ ಐದು ಗಂಟೆಗೆ ಕ್ಲಬ್ಬಿನ ಗೇಟಿನ ಮುಂದೆ ನಾನೂರು ಜನ ಸೇರಿದರು. ಕೈಯಲ್ಲಿ ಫಲಕಗಳು, ಕಣ್ಣಲ್ಲಿ ನೀರು. ಒಬ್ಬ ಗಡ್ಡದವನು ಡ್ರಮ್ಮಿಯ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕುತ್ತಿದ್ದ. ಕ್ವಿಲ್ಟಿ ಮಿಸ್ ಕೈಗೆ ಯಾರೋ ಮೈಕು ಕೊಡಲು ಬಂದರು. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಅದರ ಅಗತ್ಯ ಅವರಿಗಿರಲಿಲ್ಲ.

"ಹೊರಗೆ ಬನ್ನಿ ವಿಟ್‌ಕೋಂಬ್!"

ವಿಟ್‌ಕೋಂಬ್ ಎಂದರೆ ಆಟಗಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ. ಬೋಳುತಲೆಯ ಸಣಕಲು ಮನುಷ್ಯ. ಬಂದು ಗೇಟಿನ ಒಳಗಡೆ ನಿಂತ.

"ನೋಡಿ, ಡ್ರಮಂಡ್ ವಿಷಯ ಯಾರ ಜೊತೆಗೂ ಮಾತಾಡಿಲ್ಲ. ಅವರಿಗೆ ಇನ್ನೂ ಎರಡು ವರ್ಷದ ಒಪ್ಪಂದ ಇದೆ. ಈ ಸುದ್ದಿ ಎಲ್ಲಿಂದ ಹುಟ್ಟಿತೋ ನಮಗೆ ಅರ್ಥಾನೇ ಆಗ್ತಿಲ್ಲ."

"ಸುಳ್ಳು!" ಎಂದರು ಕ್ವಿಲ್ಟಿ ಮಿಸ್. "ಕಣ್ಣಾರೆ ನೋಡಿದವರು ಇಲ್ಲೇ ಇದಾರೆ. ಮುಂದೆ ಬಾ ನೆವಿಲ್. ಬೆನ್ನು ನೆಟ್ಟಗೆ."

ಜನ ದಾರಿ ಬಿಟ್ಟರು. ಯಾರೋ ಬೆನ್ನು ತಟ್ಟಿದರು. ನೆವಿಲ್ ಗೇಟಿನ ಕಂಬಿ ಹಿಡಿದುಕೊಂಡು ನಿಂತ. ವಿಟ್‌ಕೋಂಬ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಬಾಯ್ಲರ್ ರಿಪೇರಿಯವರಲ್ವಾ?"

"ಬಾಯ್ಲರ್ ವಿಷಯ ಬಿಡಿ!" ಎಂದು ನೆವಿಲ್ ಕೂಗಿದ. "ಊಟದ ಕೋಣೆಲಿ ಬೋರ್ಡಿದೆ! ಹೋಗುವವರು ಅಂತ ಬರೆದಿದೆ! ಹನ್ನೊಂದು ಅಂತ ಕೆಂಪಗೆ ಬರೆದಿದೆ! ಇಲ್ಲ ಅನ್ನಿ ನೋಡೋಣ!"

ನಾನೂರು ಜನ "ಇಲ್ಲ ಅನ್ನಿ!" ಎಂದು ಕೂಗಿದರು.

ವಿಟ್‌ಕೋಂಬ್ ಇಲ್ಲ ಎನ್ನಲಿಲ್ಲ. ಒಳಗೆ ಹೋಗಿ ಇಬ್ಬರ ಕೈಯಲ್ಲಿ ಬೋರ್ಡನ್ನೇ ಹೊರಿಸಿಕೊಂಡು ಬಂದ. ಟವೆಲ್ ಇನ್ನೂ ಅದರ ಮೇಲೇ ಇತ್ತು. ತಾನೇ ಎರಡು ಬೆರಳಲ್ಲಿ ಅದನ್ನು ಎತ್ತಿ ತೆಗೆದ.

ತಲೆಬರಹ ಹೀಗಿತ್ತು: "ಬಾಲಿ ಪ್ರವಾಸ. ಯಾರ್ಯಾರು?"

ಮುಂದಿನ ಸಾಲಿನವರು ಅದನ್ನು ಓದಿ ಹಿಂದಿನವರಿಗೆ ಹೇಳಿದರು.

"ಹನ್ನೊಂದು, ಇಪ್ಪತ್ಮೂರು ಒಂದೇ ಕೋಣೇಲಿ ಮಲಗ್ತಾರೆ," ಎಂದು ವಿಟ್‌ಕೋಂಬ್ ತಾಳ್ಮೆಯಿಂದ ವಿವರಿಸಿದ. "ಹತ್ತೊಂಬತ್ತನೆಯವರ ಹೆಂಡತಿ ಕಳಿಸೋಕೆ ಒಪ್ತಾ ಇಲ್ಲ. ಮೂವತ್ತನೆಯವನು ಗೊರಕೆ ಹೊಡೀತಾನೆ, ಜೊತೇಲಿ ಮಲಗೋಕೆ ಯಾರೂ ತಯಾರಿಲ್ಲ."

ನಾನೂರು ಮುಖಗಳು ನೆವಿಲ್‌ನ ಕಡೆ ತಿರುಗಿದವು. ನೆವಿಲ್ ಕಂಬಿಯ ಸಂದಿನಿಂದ ಒಳಗೆ ಹೋಗಲು ಸಾಧ್ಯವೇ ಎಂದು ನೋಡಿದ. ಅವನ ಹೊಟ್ಟೆ ಅದಕ್ಕೆ ಅನುಕೂಲವಾಗಿರಲಿಲ್ಲ. ಗಡ್ಡದವನು ಮುಖದಿಂದ ಅಂಗಿ ತೆಗೆದು ತೋಳೇರಿಸತೊಡಗಿದ. ಆ ಕ್ಷಣದಲ್ಲಿ ನೆವಿಲ್‌ನನ್ನು ಉಳಿಸಿದವನು ಕಾನ್.

"ಬಾಲಿನಾ?" ಎಂದ ಕಾನ್. ಆಮೇಲೆ ಅವನ ನಿಜವಾದ ದನಿ ಬಂತು. "ಬಾಲಿನಾ? ಹದಿನೇಳನೇ ಸ್ಥಾನ ಬಂದ ಮಕ್ಕಳು ಬಾಲಿಗೆ ಹೋಗ್ತಾರಾ? ಸಮುದ್ರದ ದಂಡೇಲಿ ಬೆನ್ನು ಕಾಯಿಸೋಕೆ?"

ಇಷ್ಟು ಹೊತ್ತು ಯಾರಿಗೂ ಇದು ಹೊಳೆದಿರಲಿಲ್ಲ.

"ನಾವು ಜುಲೈ ಮಳೇಲಿ ನೆನ್ಕೊಂಡು ಕೂತಿದ್ವಿ!" ಎಂದ ಒಬ್ಬ.

"ನಾನು ನಾಲ್ಕು ವರ್ಷದಿಂದ ಎಲ್ಲಿಗೂ ಹೋಗಿಲ್ಲ!" ಎಂದಳು ಒಬ್ಬಾಕೆ.

"ಗೋಲು ಹೊಡೆಯೋಕೆ ದಾರಿ ಗೊತ್ತಿಲ್ಲ, ಬಾಲಿಗೆ ಗೊತ್ತಾ?" ಎಂದು ಕ್ವಿಲ್ಟಿ ಮಿಸ್ ಗುಡುಗಿದರು.

ದುರದೃಷ್ಟವೆಂದರೆ ಡ್ರಮ್ಮಿ ಹೊರಗೆ ಬಂದದ್ದು ಸರಿಯಾಗಿ ಆಗ. ತನಗಾಗಿ ನಾನೂರು ಜನ ಅಳುತ್ತಿದ್ದಾರೆ ಎಂದು ಯಾರೋ ಒಳಗೆ ಹೇಳಿದ್ದರಂತೆ. ಆ ಧಾಂಡಿಗ ಮನುಷ್ಯ ಕಣ್ಣು ತುಂಬಿಕೊಂಡು, ಕೈ ಮೇಲೆತ್ತಿ, ನಗುತ್ತ ಗೇಟಿನತ್ತ ಬಂದ. ಅವನು ಬಾಯಿ ತೆರೆಯುವ ಮೊದಲೇ ಎಣ್ಣೆಯಲ್ಲಿ ಕರಿದ ಬಿಸಿ ಚಿಪ್ಸಿನ ಪೊಟ್ಟಣವೊಂದು ಎದೆಗೆ ಬಂದು ಬಡಿಯಿತು.

"ನಾಚ್ಕೆ ಆಗಲ್ವಾ ಡ್ರಮ್ಮಿ!"

ಕ್ವಿಲ್ಟಿ ಮಿಸ್ ಕೊರಳಿನ ಶಾಲು ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು. ಎಸೆಯಲಿಲ್ಲ. ಅದು ಒಳ್ಳೆಯ ಉಣ್ಣೆ. ಡ್ರಮ್ಮಿ ಅದನ್ನು ನೋಡಿದ. ಎತ್ತಿದ ಕೈ ಕೆಳಗಿಳಿಸಿ ಒಳಗೆ ನಡೆದ.

ಗುರುವಾರ ಬೆಳಗ್ಗೆ ಕ್ಲಬ್ಬಿನವರು ಬಾಲಿ ಪ್ರವಾಸ ರದ್ದು ಮಾಡಿದರು. ಆಟಗಾರರು ಸಿಟ್ಟಾದರು. ಹತ್ತೊಂಬತ್ತನೆಯವನ ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದೆಲ್ಲರ ಹೆಂಡತಿಯರೂ ಸಿಟ್ಟಾದರು. ಶುಕ್ರವಾರ ಮಧ್ಯಾಹ್ನದ ವಾರ್ತೆಯಲ್ಲಿ, ಸ್ಟೋನಿಫೋರ್ಡಿನ ನಾಯಕ ಕೇಲಬ್ ಡ್ರಮಂಡ್ ತನ್ನನ್ನು ಪರ್ತ್‌ನ ತಂಡವೊಂದಕ್ಕೆ ಬಿಟ್ಟುಕೊಡಬೇಕೆಂದು ಕ್ಲಬ್ಬನ್ನು ಕೇಳಿದ್ದಾನೆ ಎಂದು ಹೇಳಿದರು.

ನೆವಿಲ್ ಆಗ ಒಬ್ಬರ ಮನೆಯ ಛಾವಣಿಯ ಕೆಳಗಿನ ಸಂದಿಯಲ್ಲಿ ಮಲಗಿ ಕೊಳವೆ ಬಿಗಿಯುತ್ತಿದ್ದ. ಮನೆಯೊಡತಿ ಕೆಳಗಿನಿಂದ ಕೂಗಿ ಸುದ್ದಿ ಹೇಳಿದಳು. "ಡ್ರಮ್ಮಿನ ಓಡ್ಸಿದ್ದು ನೀವೇ ಅಂತೆ?" ಎಂದೂ ಕೇಳಿದಳು. ನೆವಿಲ್ ಅರ್ಧ ಗಂಟೆ ಕೆಳಗಿಳಿಯಲಿಲ್ಲ. ಇಳಿದಾಗ ಕಂಪನಿಯ ಮಾಲೀಕನ ಫೋನು ಕಾದಿತ್ತು. ಆ ಕ್ಲಬ್ಬಿನ ಸುತ್ತ ಅರ್ಧ ಮೈಲಿಯಲ್ಲಿ ಅವನು ಕಾಣಿಸಿಕೊಂಡರೆ ಕೆಲಸಕ್ಕೆ ಬರುವುದೇ ಬೇಡ ಎಂದ. ಬೀದಿಯಲ್ಲಿ ಕಂಡವರೆಲ್ಲ ಬೈದರು. ನಗರಸಭೆಯವನು ಮಡಿಸಿಟ್ಟಿದ್ದ ಚೀಟಿಯನ್ನು ಬಿಡಿಸಿ ವ್ಯಾನಿನ ಗಾಜಿಗೆ ಸಿಕ್ಕಿಸಿ ಹೋಗಿದ್ದ.

ಮನೆಯಲ್ಲಿ ಗ್ಲೆನಿಸ್ ಕೂಗಾಡಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. ಒಲೆಯಿಂದ ತೆಗೆದ ಜಿಂಜರ್ ಕೇಕನ್ನು ತಟ್ಟೆಗೆ ಹಾಕಿ ಬಟ್ಟೆ ಮುಚ್ಚಿದಳು.

"ಕೋಟು ಹಾಕ್ಕೋ. ಅವನ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳು."

"ಗ್ಲೆನಿಸ್, ಅವನು ಆರಡಿ ನಾಲ್ಕಂಗುಲ ಇದಾನೆ."

"ಅದಕ್ಕೇ ಕೇಕು ದೊಡ್ಡದು ಮಾಡಿದೀನಿ."

ಶನಿವಾರ ಬೆಳಗ್ಗೆ ಡ್ರಮ್ಮಿ ತನ್ನ ಮನೆಯ ಮುಂದೆ ಟ್ರೈಲರಿಗೆ ಡಬ್ಬಗಳನ್ನು ಏರಿಸುತ್ತಿದ್ದ. ತೊಟ್ಟಿಲೊಂದು ಇನ್ನೂ ಬಿಚ್ಚದ ಪೆಟ್ಟಿಗೆಯಲ್ಲಿ ಗೋಡೆಗೆ ಒರಗಿತ್ತು. ಗ್ಲೆನಿಸ್ ಕಾರಿನಲ್ಲೇ ಕೂತಳು. ನೆವಿಲ್ ತಟ್ಟೆ ಹಿಡಿದು ಹೋಗಿ ನಿಂತ.

"ನಾನು ನೆವಿಲ್ ಪ್ರೌಸ್. ಬಾಯ್ಲರಿನವನು."

"ಗೊತ್ತು," ಎಂದ ಡ್ರಮ್ಮಿ.

"ತಪ್ಪಾಯ್ತು. ಟವೆಲ್ ಎತ್ತಿ ನೋಡ್ಬೇಕಿತ್ತು. ಇದು ಕೇಕು."

ಡ್ರಮ್ಮಿ ತಟ್ಟೆ ತೆಗೆದುಕೊಂಡು ಟ್ರೈಲರಿನ ಅಂಚಿನಲ್ಲಿ ಕೂತ. ಬಟ್ಟೆ ಸರಿಸಿ ಒಂದು ತುಂಡು ಮುರಿದು ತಿಂದ. ನೆವಿಲ್‌ಗೂ ಒಂದು ಕೊಟ್ಟ.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ," ಎಂದ. "ನನ್ನ ಹೆಂಡ್ತಿಯ ಊರು ಪರ್ತ್ ಹತ್ರದ ಬನ್‌ಬರಿ. ಮಗು ಬರೋದಿದೆ, ಅವಳಿಗೆ ತನ್ನವರ ಹತ್ರ ಇರ್ಬೇಕು ಅಂತ ಆಸೆ. ಹೋಗೋಣ ಅಂತ ಎರಡು ವರ್ಷದಿಂದ ಹೇಳ್ತಿದಾಳೆ. ನಂಗೆ ಕ್ಲಬ್ಬಲ್ಲಿ ಬಾಯಿಬಿಡೋಕೆ ಧೈರ್ಯ ಬರ್ತಿರ್ಲಿಲ್ಲ. ಈ ಜನ ಇಷ್ಟು ಪ್ರೀತಿ ಮಾಡ್ತಾರೆ, ಯಾವ ಬಾಯಲ್ಲಿ ಹೇಳೋದು? ಬುಧವಾರ ನೋಡಿದ್ನಲ್ಲ. ಐದು ಗಂಟೆಗೆ ನಂಗೋಸ್ಕರ ಅಳ್ತಿದ್ರು. ಐದೂ ಹತ್ತಕ್ಕೆ ಚಿಪ್ಸಲ್ಲಿ ಹೊಡೆದ್ರು." ಇನ್ನೊಂದು ತುಂಡು ಮುರಿದ. "ಧೈರ್ಯ ಬಂತು."

ನೆವಿಲ್‌ಗೆ ಏನಾದರೂ ಹೇಳಬೇಕೆನಿಸಿತು. ಈ ಹತ್ತು ವರ್ಷ ನಿನ್ನ ಆಟ ನೋಡಿದ್ದು ನನ್ನ ಪುಣ್ಯ ಎಂದು ಹೇಳಲು ಬಾಯಿ ತೆರೆದ. ಬಂದದ್ದು ಬೇರೆ.

"ನಿನ್ನ ಬದಲಿಗೆ ಅವರು ಏನು ಕೊಡ್ತಿದಾರೆ?"

"ಮೂವತ್ತೆಂಟನೇ ಸರದಿ."

ನೆವಿಲ್ ಕೈಯಲ್ಲಿದ್ದ ಕೇಕನ್ನು ನೆಲಕ್ಕೆ ಬಡಿದ.

"ಮೂವತ್ತೆಂಟಾ? ಮೂವತ್ತೆಂಟಕ್ಕೆ ಏನು ಸಿಗತ್ತೆ? ಮೂವತ್ತೆಂಟಕ್ಕೆ ಕಾಲು ಇರೋ ಹುಡುಗ ಸಿಗ್ತಾನೆ, ಕೈ ಇರೋಲ್ಲ! ಇನ್ನೂರ ಹದಿನಾಲ್ಕು ಪಂದ್ಯ ಆಡಿದೀಯ! ಮುರಿದ ದವಡೆಲಿ ಆಡಿದೀಯ! ಒಪ್ಕೊಂಡ್ಯಾ ನೀನು?"

"ಅದು ವಿಟ್‌ಕೋಂಬ್ ಮತ್ತೆ ಅವರ ನಡುವೆ..."

"ವಿಟ್‌ಕೋಂಬ್‌ಗೆ ಏನು ಗೊತ್ತು? ನಿನ್ನ ಒಪ್ಪಿಗೆ ಇಲ್ದೆ ಯಾವುದೂ ಆಗಲ್ವಲ್ಲ? ಹೋಗು, ಬೇಡ ಅನ್ನಲ್ಲ, ಮಗು ಇದೆ, ಹೋಗ್ಬೇಕು. ಆದ್ರೆ ಅಗ್ಗಕ್ಕೆ ಹೋಗ್ಬೇಡ! ಹೋದ ವರ್ಷ ಆ ಕುಂಟು ರಿಚೀನ ಕೊಟ್ಟಾಗ ಇಪ್ಪತ್ತಾರನೇ ಸರದಿ ಸಿಕ್ಕಿತ್ತು. ರಿಚಿಗಿಂತ ಕಡಿಮೆನಾ ನೀನು? ಹೇಳು! ರಿಚಿಗಿಂತ ಕಡಿಮೆನಾ?"

ಡ್ರಮ್ಮಿ ಅಗಿಯುವುದನ್ನು ನಿಲ್ಲಿಸಿದ. ಕಿವಿಗಳು ಮೆಲ್ಲಗೆ ಕೆಂಪಾದವು.

"ರಿಚಿಗೆ ಇಪ್ಪತ್ತಾರು ಕೊಟ್ರಾ?"

"ಇಪ್ಪತ್ತಾರು!"

"ರಿಚಿಗೆ ಎಡಗಾಲಲ್ಲಿ ಒದೆಯೋಕೇ ಬರಲ್ಲ!"

"ಬಲಗಾಲಲ್ಲೂ ಬರಲ್ಲ!"

ಡ್ರಮ್ಮಿ ಎದ್ದು ನಿಂತು ಜೇಬಿನಿಂದ ಫೋನು ತೆಗೆದು ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ ಕರೆಮಾಡಿದ. ಡ್ರಮ್ಮಿ ಕೂಗುತ್ತಿದ್ದ ಒಂದೊಂದು ಮಾತಿಗೂ ಪಕ್ಕದಲ್ಲಿ ನಿಂತ ನೆವಿಲ್ ಇನ್ನೊಂದು ಮಾತು ಸೇರಿಸುತ್ತಿದ್ದ. "ಈ ಊರಿಗೆ ಸರಿಯಾದ್ದು ಕೊಟ್ರೆ ಮಾತ್ರ ಬರ್ತೀನಿ ಅಂತ ಹೇಳು! ಇಲ್ಲಾಂದ್ರೆ ಇಲ್ಲೇ ಇರ್ತೀನಿ, ಇವರ ಚಿಪ್ಸ್ ತಿನ್ಕೊಂಡು!" ಎಂದ ಡ್ರಮ್ಮಿ. "ದವಡೆ ವಿಷಯ ಹೇಳು, ದವಡೆ!" ಎಂದ ನೆವಿಲ್. ಕಾರಿನಲ್ಲಿ ಕೂತ ಗ್ಲೆನಿಸ್, ಕ್ಷಮೆ ಕೇಳಲು ಹೋದವನು ಅರ್ಧ ಗಂಟೆಯಿಂದ ಯಾಕೆ ಕೈಬೀಸಿ ಕಿರುಚುತ್ತಿದ್ದಾನೆ ಎಂದು ತಿಳಿಯದೆ, ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟುಕೊಂಡು ಕೂತಿದ್ದಳು.

ಅದಲುಬದಲಿಯ ಕೊನೆಯ ದಿನ ಬುಧವಾರ. ಆ ಸಂಜೆ ಡ್ರಮ್ಮಿ ಪರ್ತ್‌ಗೆ ಹೋದ. ಬದಲಿಗೆ ಸ್ಟೋನಿಫೋರ್ಡಿಗೆ ಬಂದದ್ದು ಇಪ್ಪತ್ತೆರಡನೇ ಸರದಿ.

ಮೂರು ದಿನ ಕಳೆದ ಮೇಲೆ ನೆವಿಲ್ ಧೈರ್ಯ ಮಾಡಿ ಬೌಲ್ಸ್ ಕ್ಲಬ್ಬಿಗೆ ಹೋದ. ಯಾರೂ ಅವನಿಗೆ ಬಿಯರ್ ಕೊಡಿಸಲಿಲ್ಲ, ಆದರೆ ಕುರ್ಚಿಯನ್ನೂ ತೆಗೆದಿರಲಿಲ್ಲ. ಕೂತ.

"ಇಪ್ಪತ್ತೆರಡು!" ಎಂದು ಕ್ವಿಲ್ಟಿ ಮಿಸ್ ಹೇಳುತ್ತಿದ್ದರು. ಶಾಲು ಕೊರಳಲ್ಲಿರಲಿಲ್ಲ. ಆ ಜಾಗವನ್ನು ಅವರು ಆಗಾಗ ಮುಟ್ಟಿಕೊಳ್ಳುತ್ತಿದ್ದರು. "ಮೊದಲು ಮೂವತ್ತೆಂಟು ಅಂದಿದ್ರಂತೆ. ಆ ವಿಟ್‌ಕೋಂಬ್ ಹಠ ಹಿಡಿದು ಕೂತು ಇಪ್ಪತ್ತೆರಡು ತಗೊಂಡ. ಬುದ್ಧಿವಂತ ಮನುಷ್ಯ. ನಾನು ಯಾವತ್ತೂ ಹೇಳ್ತಿದ್ದೆ."

"ಮೊನ್ನೆ ಎರಡು ಪೀಸು ಮೀನು ಬಿಟ್ಟಿ ಕೊಟ್ಟೆ ಅವನಿಗೆ," ಎಂದ ಕಾನ್.

ನೆವಿಲ್‌ನ ಕಿವಿಯ ತುದಿಯಿಂದ ಬಿಸಿ ಏರಿತು. ಮಾತಾಡುವುದಿಲ್ಲ ಎಂದು ಗ್ಲೆನಿಸ್‌ಗೆ ಆಣೆ ಮಾಡಿ ಬಂದಿದ್ದ.

"ಏನು ಚಾಣಾಕ್ಷತನ!" ಎಂದರು ಕ್ವಿಲ್ಟಿ ಮಿಸ್.

"ವಿಟ್‌ಕೋಂಬ್ ಅಲ್ಲ!" ನೆವಿಲ್ ಮೇಜು ಗುದ್ದಿದ. "ನಾನು! ಆ ಇಪ್ಪತ್ತೆರಡು ಬಂದಿದ್ದು ನನ್ನಿಂದ! ಡ್ರಮ್ಮಿ ಮನೆ ಮುಂದೆ ನಿಂತು ನಾನೇ ಅವನಿಗೆ ಹೇಳಿದ್ದು, ಅಗ್ಗಕ್ಕೆ ಹೋಗ್ಬೇಡ ಅಂತ! ಅವನು ನನ್ನೆದುರಿಗೇ ಫೋನ್ ಮಾಡ್ದ! ದೇವರಾಣೆ!"

ಮೊದಲು ಕಾನ್ ನಗತೊಡಗಿದ. ಅವನ ನಗುವಿಗೆ ಪಕ್ಕದ ಮೇಜು ಸೇರಿತು, ಅದರ ಪಕ್ಕದ್ದು ಸೇರಿತು, ಬಿಯರ್ ಸುರಿಯುತ್ತಿದ್ದವಳು ನಲ್ಲಿ ನಿಲ್ಲಿಸುವುದನ್ನು ಮರೆತಳು. ಕ್ವಿಲ್ಟಿ ಮಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ ನೆವಿಲ್, ಸಾಕು ಮಾಡೋ. ನನ್ನ ವಯಸ್ಸಿಗೆ ಇಷ್ಟು ನಗೋದು ಒಳ್ಳೇದಲ್ಲ."

ಜೀವಮಾನದಲ್ಲಿ ಅವನ ಬಳಿ ಇದ್ದ ನಿಜವಾದ ಒಳಗಿನ ಸುದ್ದಿ ಅದೊಂದೇ. ನೆವಿಲ್ ಎದ್ದ. ಮುಖ ಬೀಟ್‌ರೂಟಿನಂತಾಗಿತ್ತು. "ಇನ್ನು ಈ ಕ್ಲಬ್ಬಿಗೆ ಕಾಲಿಡಲ್ಲ," ಎಂದ. "ಈ ತಂಡದ ಹೆಸರೂ ಎತ್ತಲ್ಲ. ಮುಗೀತು." ಕೋಟು ಹಾಕಿಕೊಂಡು ಬಾಗಿಲತ್ತ ನಡೆದ. ಒಂದು ತೋಳು ಕೋಟಿನೊಳಗೆ ಸಿಕ್ಕಿಕೊಂಡಿತ್ತು. ಹಾಗೇ ಬಾಗಿಲು ತೆರೆದ. ಹೊರಗೆ ಒಳ್ಳೆಯ ಬಿಸಿಲಿತ್ತು.

ಹಿಂದಿನಿಂದ ಕ್ವಿಲ್ಟಿ ಮಿಸ್ ಅವರ ದನಿ ಕೇಳಿಸಿತು. "ಸರಿ, ಕೆಲಸಕ್ಕೆ ಬರೋಣ. ಇಪ್ಪತ್ತೆರಡನೇ ಸರದಿಗೆ ನನ್ನ ಪ್ರಕಾರ ಒಬ್ಬ ಗಿಡ್ಡ, ಚುರುಕಾದ ಫಾರ್ವರ್ಡ್ ಹುಡುಗನ್ನ ತಗೋಬೇಕು."

ನೆವಿಲ್ ಹೊಸ್ತಿಲ ಮೇಲೆ ನಿಂತ.

ಗಿಡ್ಡ. ಹಿಂದುಗಡೆ ಒಬ್ಬನೇ ಒಬ್ಬ ಎತ್ತರದ ಡಿಫೆಂಡರ್ ಇಲ್ಲದ ತಂಡ. ಹೋದ ವರ್ಷ ಎದುರಾಳಿಗಳು ತಲೆಯ ಮೇಲಿಂದ ಚೆಂಡು ಹಿಡಿದು ಹಿಡಿದು ನಾನೂರಕ್ಕೂ ಹೆಚ್ಚು ಗೋಲು ಹೊಡೆದ ತಂಡ. ಅದಕ್ಕೆ ಇನ್ನೊಬ್ಬ ಗಿಡ್ಡ.

"ಗಿಡ್ಡನಾ?" ಎಂದ. ಅವನಿಗೇ ತಿಳಿಯದಂತೆ ಬಾಗಿಲು ಮುಚ್ಚಿಕೊಂಡಿತು. ಒಂದು ತೋಳಿನ ಕೋಟು ನೆಲಕ್ಕೆ ಎಳೆಯುತ್ತ ಮೇಜಿನ ಬಳಿಗೆ ಬಂದು ಕುರ್ಚಿ ಎಳೆದುಕೊಂಡ. "ತಲೆ ಕೆಟ್ಟಿದ್ಯಾ ನಿಮಗೆಲ್ಲ? ಗಿಡ್ಡನಾ?"

"ಗಿಡ್ಡನೇ!" ಎಂದು ಕಾನ್ ಕೂಗಿದ, ಮತ್ತು ತನ್ನ ಚಿಪ್ಸಿನ ತಟ್ಟೆಯನ್ನು ನೆವಿಲ್‌ಗೂ ಕೈಗೆಟುಕುವಂತೆ ನಡುವಿಗೆ ಸರಿಸಿದ.